ಹ್ಯೂ ಡೌಡಿಂಗ್

ಹ್ಯೂ ಕ್ಯಾಸ್ವಾಲ್ ಟ್ರೆಮೆನ್‌ಹೀರ್ ಡೌಡಿಂಗ್ (ಏಪ್ರಿಲ್ ೨೪, ೧೮೮೨ – ಫೆಬ್ರವರಿ ೧೫, ೧೯೭೦) ಬ್ರಿಟನ್ನಿನ ವಾಯುಸೇನಾನಿ. ಎರಡನೆಯ ಮಹಾಯುದ್ಧದಲ್ಲಿ, ೧೯೪೦ರ ಬೇಸಗೆಯಲ್ಲಿ, ಜರ್ಮನ್ ವಾಯುಪಡೆಯ ದಾಳಿಯನ್ನು ಎದುರಿಸಿ ನಿಂತ ಫೈಟರ್ ಕಮಾಂಡ್ ಎಂಬ ಪಡೆಯ ಮುಖ್ಯಸ್ಥರಾಗಿದ್ದರು. ಮಿತ್ರರಾಷ್ಟ್ರವಾದ ಫ್ರಾನ್ಸಿನ ರಕ್ಷಣೆಗೆ ಎಷ್ಟು ಯುದ್ಧವಿಮಾನಗಳನ್ನು ಕಳುಹಿಸಬಹುದು, ಯಾವ ಹಂತದಲ್ಲಿ ಕೈ ಬಿಗಿಹಿಡಿಯಬೇಕು ಎಂಬ ಪ್ರಶ್ನೆಯಲ್ಲಿ ಅವರು ತಳೆದ ನಿಲುವಿನಿಂದ ಇತಿಹಾಸದಲ್ಲಿ ಹೆಸರಾಗಿದ್ದಾರೆ.

ಬಾಲ್ಯ ಮತ್ತು ಆರಂಭಿಕ ಸೇವೆ

ಸ್ಕಾಟ್ಲೆಂಡಿನ ಮೊಫಾಟ್ ಎಂಬ ಊರಿನಲ್ಲಿ ಜನನ. ತಂದೆ ಆರ್ಥರ್ ಡೌಡಿಂಗ್ ಅದೇ ಊರಿನಲ್ಲಿ ಬಾಲಕರ ಶಾಲೆಯೊಂದನ್ನು ನಡೆಸುತ್ತಿದ್ದ ಉಪಾಧ್ಯಾಯರು. ವಿಂಚೆಸ್ಟರ್ ಕಾಲೇಜಿನಲ್ಲಿ ಓದಿ, ವುಲ್ವಿಚ್‌ನ ಸೈನಿಕ ಅಕಾಡೆಮಿಯಲ್ಲಿ ತರಬೇತಿ ಪಡೆದ ಡೌಡಿಂಗ್ ೧೯೦೦ರಲ್ಲಿ ಫಿರಂಗಿದಳವನ್ನು ಸೇರಿದರು. ಜಿಬ್ರಾಲ್ಟರ್, ಸಿಲೋನ್, ಹಾಂಗ್‌ಕಾಂಗ್‌ಗಳಲ್ಲಿ ಕೆಲಸ ಮಾಡಿದ ಬಳಿಕ ಭಾರತಕ್ಕೆ ಬಂದು ಬೆಟ್ಟಪ್ರದೇಶದ ಫಿರಂಗಿ ತುಕಡಿಯೊಂದರಲ್ಲಿ ಸೇವೆ ಸಲ್ಲಿಸಿದರು. ೧೯೧೩ರಲ್ಲಿ ವಿಮಾನ ಹಾರಿಸಲು ಕಲಿತು ಪ್ರಮಾಣಪತ್ರ ಪಡೆದರು. ಮಿತಭಾಷಿ, ಬಿಗಿ ಸ್ವಭಾವದವರು; ಸಹೋದ್ಯೋಗಿಗಳು ಅವರಿಗೆ ಇಟ್ಟ ಅಡ್ಡಹೆಸರು 'ಸ್ಟಫಿ'. ಹೊರಗೆ ಹಾಗೆ ಕಂಡರೂ ಮೊದಲನೆಯ ಮಹಾಯುದ್ಧದಲ್ಲಿ, ೧೯೧೬ರಲ್ಲಿ, ದಣಿದ ವೈಮಾನಿಕರಿಗೆ ವಿಶ್ರಾಂತಿ ಕೊಡಲೇಬೇಕೆಂದು ಹಿರಿಯ ಅಧಿಕಾರಿ ಟ್ರೆಂಚಾರ್ಡರೊಂದಿಗೆ ವಾದಿಸಿ, ರಣಭೂಮಿಯಿಂದ ಸ್ವದೇಶಕ್ಕೆ ವರ್ಗವಾದವರು ಇವರೇ. ೧೯೧೮ರಲ್ಲಿ ವಿವಾಹವಾಯಿತು. ಪತ್ನಿ ಕ್ಲಾರಿಸ್ ಎರಡೇ ವರ್ಷಗಳಲ್ಲಿ ಮರಣ ಹೊಂದಿದರು. ಮಗ ಡೆರೆಕ್ ಮುಂದೆ ತಂದೆಯ ಪಡೆಯಲ್ಲೇ ವೈಮಾನಿಕನಾದನು.

ರಕ್ಷಣಾ ವ್ಯವಸ್ಥೆಯ ನಿರ್ಮಾಣ

೧೯೩೦ರಿಂದ ವಾಯುಪಡೆಯ ಸಂಶೋಧನಾ ವಿಭಾಗದ ಹೊಣೆ ಹೊತ್ತಿದ್ದ ಡೌಡಿಂಗ್, ರೇಡಾರ್ ಪ್ರಯೋಗಕ್ಕೂ ಹರಿಕೇನ್, ಸ್ಪಿಟ್‌ಫೈರ್ ವಿಮಾನಗಳಿಗೂ ಬೆಂಬಲ ನೀಡಿದರು. ೧೯೩೬ರ ಜುಲೈನಲ್ಲಿ ಹೊಸದಾಗಿ ರಚನೆಯಾದ ಫೈಟರ್ ಕಮಾಂಡಿನ ಮೊದಲ ಮುಖ್ಯಸ್ಥರಾದರು. ಕರಾವಳಿಯ ರೇಡಾರ್ ಠಾಣೆಗಳೂ ಒಳನಾಡಿನ ವೀಕ್ಷಕರೂ ನೀಡುವ ಸುದ್ದಿ ದೂರವಾಣಿಯ ಮೂಲಕ ಒಂದೆಡೆ ಸೇರಿ, ಅಲ್ಲಿಂದ ಸಂಬಂಧಪಟ್ಟ ವಿಮಾನನಿಲ್ದಾಣಕ್ಕೆ ಆಜ್ಞೆ ತಲುಪುವ ಏರ್ಪಾಟನ್ನು ಅವರು ಲಂಡನ್ನಿನ ಹೊರವಲಯದ ಬೆಂಟ್ಲಿ ಪ್ರಯರಿಯಲ್ಲಿ ಕಟ್ಟಿ ನಿಲ್ಲಿಸಿದರು. ಹೀಗಾಗಿ ವಿಮಾನಗಳು ಆಕಾಶದಲ್ಲಿ ಸುಮ್ಮನೆ ಕಾವಲು ಸುತ್ತುವ ಅಗತ್ಯ ತಪ್ಪಿತು. ಕಡಿಮೆ ವಿಮಾನಗಳಿಂದ ಹೆಚ್ಚು ಕೆಲಸ ತೆಗೆಯಲು ಸಾಧ್ಯವಾದದ್ದು ಇದರಿಂದಲೇ.

ಫ್ರಾನ್ಸಿನ ಬೇಡಿಕೆ

೧೯೩೯ರ ಸೆಪ್ಟೆಂಬರಿನಲ್ಲಿ ಯುದ್ಧ ಆರಂಭವಾದಾಗ ನಾಲ್ಕು ಹರಿಕೇನ್ ಸ್ಕ್ವಾಡ್ರನ್‌ಗಳನ್ನು ಫ್ರಾನ್ಸಿಗೆ ಕಳುಹಿಸಲಾಯಿತು. ೧೯೪೦ರ ಮೇ ೧೦ರಂದು ಜರ್ಮನಿ ಪಶ್ಚಿಮದಲ್ಲಿ ದಾಳಿಯಿಟ್ಟ ಮೇಲೆ ಮತ್ತಷ್ಟು ವಿಮಾನಗಳು ಹೋದವು. ಮೇ ೧೪ರಂದು ಫ್ರಾನ್ಸಿನ ಪ್ರಧಾನಿ ಪಾಲ್ ರೆನೊ ಇನ್ನೂ ಹತ್ತು ಸ್ಕ್ವಾಡ್ರನ್‌ಗಳನ್ನು ಕೇಳಿದರು. ಬೇಡಿಕೆ ನ್ಯಾಯವಾದುದೇ, ಫ್ರಾನ್ಸಿನ ನೆಲದಲ್ಲಿ ಸಾಯುತ್ತಿದ್ದವರು ಮಿತ್ರರು. ಆದರೆ ಡೌಡಿಂಗ್ ಲೆಕ್ಕವನ್ನೇ ನೋಡುವವರು. ಮರುದಿನ ಸಮರಮಂತ್ರಿಮಂಡಲದ ಎದುರು ಹಾಜರಾಗಿ ಆಕ್ಷೇಪಿಸಿದರು. ಮೇ ೧೬ರಂದು ವಾಯುಖಾತೆಗೆ ಪತ್ರ ಬರೆದು, ಸ್ವದೇಶದ ರಕ್ಷಣೆಗೆ ೫೨ ಸ್ಕ್ವಾಡ್ರನ್‌ಗಳು ಬೇಕೆಂದು ಹಿಂದೆ ನಿಶ್ಚಯಿಸಿದ್ದನ್ನೂ ಈಗ ಉಳಿದಿರುವುದು ೩೬ರಷ್ಟು ಬಲ ಮಾತ್ರವೆಂಬುದನ್ನೂ ನೆನಪಿಸಿದರು. ಕನಿಷ್ಠ ಎಷ್ಟನ್ನು ಉಳಿಸಿಕೊಳ್ಳಬೇಕೆಂದು ಸರ್ಕಾರವೇ ನಿರ್ಧರಿಸಲಿ, ಆಮೇಲೆ ಒಂದು ವಿಮಾನವೂ ಕಾಲುವೆ ದಾಟದಿರಲಿ ಎಂಬುದು ಅದರ ಸಾರ. ಫ್ರಾನ್ಸನ್ನು ಉಳಿಸುವ ಹತಾಶ ಯತ್ನದಲ್ಲಿ ಈ ಪಡೆ ಬರಿದಾದರೆ ಬ್ರಿಟನ್ನೂ ಸೋಲುವುದು ಖಚಿತವೆಂದು ಅವರು ಮುಚ್ಚುಮರೆಯಿಲ್ಲದೆ ತಿಳಿಸಿದರು.

ಅದೇ ಸಂಜೆ ಪ್ಯಾರಿಸ್ಸಿನಲ್ಲಿದ್ದ ಪ್ರಧಾನಿ ಚರ್ಚಿಲ್ ಇನ್ನೂ ಆರು ಸ್ಕ್ವಾಡ್ರನ್‌ಗಳಿಗಾಗಿ ತಂತಿ ಕಳುಹಿಸಿದರು. ಕೊನೆಗೆ ಮಧ್ಯಮಾರ್ಗವೊಂದು ಹೊಳೆಯಿತು. ಆರನ್ನೂ ಇಂಗ್ಲೆಂಡಿನ ದಕ್ಷಿಣ ನಿಲ್ದಾಣಗಳಲ್ಲೇ ಇರಿಸಿ, ಬೆಳಿಗ್ಗೆ ಮೂರು, ಮಧ್ಯಾಹ್ನ ಮೂರು ಸರದಿಯ ಮೇಲೆ ಫ್ರಾನ್ಸಿಗೆ ಹೋಗಿ ಕಾದಾಡುವ ವ್ಯವಸ್ಥೆಯಾಯಿತು. ಅಷ್ಟರಲ್ಲಿ ಕಾಲ ಮೀರಿತ್ತು. ಜೂನ್‌ನಲ್ಲಿ ಫ್ರಾನ್ಸ್ ಶರಣಾಯಿತು. ಮಿತ್ರನು ಪೂರ್ಣ ಬಲವನ್ನು ಕೊಡಲಿಲ್ಲವೆಂಬ ಕೊರಗು ಫ್ರೆಂಚರಲ್ಲಿ ಉಳಿಯಿತು, ಅದನ್ನು ತಪ್ಪೆನ್ನಲಾಗದು. ಆದರೆ ಹೋದ ಹರಿಕೇನ್‌ಗಳಲ್ಲಿ ಬಹುಪಾಲು ಹಿಂದಿರುಗಿ ಬರಲಿಲ್ಲವೆಂಬುದೂ ಅಷ್ಟೇ ನಿಜ. ನಾರ್ವೆಗೆ ಕಳುಹಿಸಿದ್ದ ೪೬ನೆಯ ಸ್ಕ್ವಾಡ್ರನ್ನಿನ ವೈಮಾನಿಕರು ಹಿಂದಿರುಗುವಾಗ ತಮ್ಮ ಹರಿಕೇನ್‌ಗಳನ್ನು ಗ್ಲೋರಿಯಸ್ ಎಂಬ ವಿಮಾನವಾಹಕ ನೌಕೆಯ ಮೇಲೆ ಜಾಣ್ಮೆಯಿಂದ ಇಳಿಸಿದ್ದರು. ಜೂನ್ ೮ರಂದು ಆ ನೌಕೆಯೇ ಮುಳುಗಿತು.

ಬ್ರಿಟನ್ ಕದನ ಮತ್ತು ಪರದೇಶಿ ವೈಮಾನಿಕರು

ಜುಲೈ ೧೦ರಿಂದ ಅಕ್ಟೋಬರ್ ೩೧ರವರೆಗೆ ನಡೆದ ಬ್ರಿಟನ್ ಕದನದಲ್ಲಿ ಸಹಾಯ ಕೊಡುವವರು, ಪಡೆಯುವವರು ಸ್ಥಾನ ಬದಲಿಸಿಕೊಂಡರು. ತಾಯ್ನಾಡು ಕಳೆದುಕೊಂಡ ಪೋಲೆಂಡ್, ಚೆಕೊಸ್ಲೊವಾಕಿಯಾ, ಬೆಲ್ಜಿಯಂ, ಫ್ರಾನ್ಸ್ ದೇಶಗಳ ವೈಮಾನಿಕರೂ ನ್ಯೂಜಿಲೆಂಡ್, ಕೆನಡಾ, ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾಗಳ ವೈಮಾನಿಕರೂ ಡೌಡಿಂಗರ ಆಜ್ಞೆಯಡಿ ಹೋರಾಡಿದರು. ಪೋಲೆಂಡಿನವರೇ ೧೪೫ ಮಂದಿ. ಆಗ್ನೇಯ ಇಂಗ್ಲೆಂಡಿನ ೧೧ನೆಯ ಗ್ರೂಪನ್ನು ನಡೆಸಿದ ಕೀತ್ ಪಾರ್ಕ್ ನ್ಯೂಜಿಲೆಂಡಿನವರು.

ಪರದೇಶಿ ತುಕಡಿಗಳ ಬಗ್ಗೆ ಡೌಡಿಂಗರಿಗೆ ಮೊದಮೊದಲು ನಂಬಿಕೆಯಿರಲಿಲ್ಲ. ಇಂಗ್ಲಿಷ್ ಬಾರದವರಿಗೆ ರೇಡಿಯೋದಲ್ಲಿ ಆಜ್ಞೆ ಕೊಡುವುದಾದರೂ ಹೇಗೆ? ಸೋತು ಬಂದವರಲ್ಲಿ ಎದೆಗಾರಿಕೆ ಉಳಿದಿರುವುದೇ ಎಂಬ ಸಂಶಯವೂ ಇತ್ತು. ಪೋಲಿಷ್ ಸ್ಕ್ವಾಡ್ರನ್ನಿಗೆ ಬ್ರಿಟಿಷ್ ನಾಯಕನೊಬ್ಬ, ಪೋಲಿಷ್ ನಾಯಕನೊಬ್ಬ ಎಂದು ಇಬ್ಬರನ್ನು ನೇಮಿಸಿ ತರಬೇತಿಯಲ್ಲೇ ಇರಿಸಲಾಗಿತ್ತು. ಆಗಸ್ಟ್ ೩೦ರಂದು ನಾರ್ತೋಲ್ಟ್‌ನ ೩೦೩ನೆಯ ಸ್ಕ್ವಾಡ್ರನ್ನಿನ ವೈಮಾನಿಕನೊಬ್ಬ ಅಭ್ಯಾಸದ ಹಾರಾಟದ ನಡುವೆಯೇ ಸಾಲುಬಿಟ್ಟು ಹೋಗಿ ಜರ್ಮನ್ ವಿಮಾನವೊಂದನ್ನು ಉರುಳಿಸಿದ. ಮರುದಿನವೇ ಆ ಸ್ಕ್ವಾಡ್ರನ್ ಕದನಕ್ಕಿಳಿಯಿತು; ಆರು ವಾರಗಳಲ್ಲಿ ೧೨೬ ಶತ್ರುವಿಮಾನಗಳನ್ನು ಕೆಡವಿದುದಾಗಿ ಹೇಳಿಕೊಂಡಿತು. ಇಂಥ ಎಣಿಕೆಗಳಲ್ಲಿ ಉತ್ಪ್ರೇಕ್ಷೆ ಎಲ್ಲ ಪಡೆಗಳಲ್ಲೂ ಸಾಮಾನ್ಯ. ಆದರೂ ಅದರ ಸಾಧನೆಯ ಬಗ್ಗೆ ವಿವಾದವಿಲ್ಲ. ಅದರಲ್ಲೇ ಹಾರುತ್ತಿದ್ದ ಚೆಕ್ ವೈಮಾನಿಕ ಜೋಸೆಫ್ ಫ್ರಾಂಟಿಶೆಕ್ ಅಕ್ಟೋಬರ್ ೮ರಂದು ಅಪಘಾತದಲ್ಲಿ ಮಡಿದನು. ಕದನದ ವರದಿಯಲ್ಲಿ ಡೌಡಿಂಗ್ ತಮ್ಮ ಹಿಂದಿನ ಸಂಶಯವನ್ನು ಒಪ್ಪಿಕೊಂಡರು; ಪೋಲಿಷರ ನೆರವಿಲ್ಲದಿದ್ದರೆ ಫಲಿತಾಂಶ ಬೇರೆಯಾಗುತ್ತಿತ್ತೇನೋ ಎಂಬರ್ಥದ ಮಾತೂ ಅವರದೆಂದು ಹೇಳಲಾಗುತ್ತದೆ.

ಅಧಿಕಾರದಿಂದ ನಿರ್ಗಮನ

ಬಳಲಿದ ತುಕಡಿಗಳನ್ನು ಉತ್ತರಕ್ಕೆ ಕಳುಹಿಸಿ ಹೊಸಬರನ್ನು ದಕ್ಷಿಣಕ್ಕೆ ಕರೆಸುವ ಸರದಿಯಿಂದ ಪಡೆ ಉಳಿಯಿತು. ಸಣ್ಣ ತುಕಡಿಗಳಲ್ಲಿ ಎದುರಿಸುವುದೋ ದೊಡ್ಡ ಗುಂಪುಗಟ್ಟಿ ಎದುರಿಸುವುದೋ ಎಂಬ ವಿಷಯದಲ್ಲಿ ಪಾರ್ಕ್ ಮತ್ತು ಲೀ-ಮ್ಯಾಲರಿ ಜಗಳವಾಡಿದಾಗ ಡೌಡಿಂಗ್ ಸಕಾಲದಲ್ಲಿ ಮಧ್ಯೆ ಪ್ರವೇಶಿಸಲಿಲ್ಲ. ಇದು ಅವರ ದೋಷವೆಂದೇ ಹೇಳಬೇಕು. ನವೆಂಬರ್ ಕೊನೆಯಲ್ಲಿ ಅವರನ್ನು ಹುದ್ದೆಯಿಂದ ಬಿಡಿಸಿ ಶೋಲ್ಟೊ ಡಗ್ಲಾಸರನ್ನು ನೇಮಿಸಲಾಯಿತು. ೧೯೪೧ರಲ್ಲಿ ವಾಯುಖಾತೆ ಹೊರತಂದ ಬ್ರಿಟನ್ ಕದನದ ಕಿರುಹೊತ್ತಗೆಯಲ್ಲಿ ಅವರ ಹೆಸರೇ ಇರಲಿಲ್ಲ. ೧೯೪೨ರಲ್ಲಿ ನಿವೃತ್ತರಾದರು; ಮರುವರ್ಷ ಬ್ಯಾರನ್ ಪದವಿ ದೊರೆಯಿತು. ವಾಯುಪಡೆಯ ಅತ್ಯುಚ್ಚ ಮಾರ್ಷಲ್ ಪದವಿ ಮಾತ್ರ ಕೊನೆಗೂ ಸಿಗಲಿಲ್ಲ.

ಕೊನೆಯ ವರ್ಷಗಳು

ನಿವೃತ್ತಿಯ ನಂತರ ಪರಲೋಕವಿದ್ಯೆಯಲ್ಲಿ ಆಸಕ್ತರಾಗಿ ಪುಸ್ತಕಗಳನ್ನು ಬರೆದರು. ೧೯೫೧ರಲ್ಲಿ ಮ್ಯೂರಿಯಲ್ ಅವರನ್ನು ಮದುವೆಯಾದರು. ಸಸ್ಯಾಹಾರಿಯಾಗಿದ್ದ ಅವರು ಪ್ರಾಣಿಗಳ ಮೇಲಿನ ಪ್ರಯೋಗಗಳ ವಿರುದ್ಧ ಲಾರ್ಡ್ಸ್ ಸಭೆಯಲ್ಲಿ ಮಾತನಾಡಿದರು. ಮ್ಯೂರಿಯಲ್ ಸ್ಥಾಪಿಸಿದ ಬ್ಯೂಟಿ ವಿದೌಟ್ ಕ್ರೂಯೆಲ್ಟಿ ಸಂಸ್ಥೆಯ ಶಾಖೆ ಮುಂದೆ ಭಾರತದಲ್ಲೂ ಆರಂಭವಾಯಿತು. ಡೌಡಿಂಗ್ ಟನ್‌ಬ್ರಿಜ್ ವೆಲ್ಸ್‌ನಲ್ಲಿ ನಿಧನರಾದರು. ಅವರ ಚಿತಾಭಸ್ಮವನ್ನು ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಇರಿಸಲಾಗಿದೆ. ಲಂಡನ್ನಿನ ಸೇಂಟ್ ಕ್ಲೆಮೆಂಟ್ ಡೇನ್ಸ್ ಚರ್ಚಿನ ಎದುರು ೧೯೮೮ರಲ್ಲಿ ಅವರ ಪ್ರತಿಮೆ ಅನಾವರಣಗೊಂಡಿತು.