ಬಾಳೆಲೆಯ ಮುಂದೆ ಕೂತ ರೋಮಿನವನು

ಈ ವರ್ಷದ ಸಂಚಿಕೆಗೆ ನಾವು ಬರೆಯಬೇಕು ಅಂದುಕೊಂಡಿದ್ದೇ ಬೇರೆ. ನಮ್ಮ ಗುಂಪಿನ ಮೂವರು ರಜೆಗೆ ಇಟಲಿಗೆ ಹೊರಟಿದ್ದರು. ಎಗೈಲಾದ ರೂಮಿನಲ್ಲಿ ಕೂತು ಯಾವ ಊರಲ್ಲಿ ಏನು ತಿನ್ನಬೇಕು ಅಂತ ಪಟ್ಟಿ ಮಾಡುತ್ತಿದ್ದೆವು. ನೇಪಲ್ಸಿನಲ್ಲಿ ಪಿಜ್ಜಾ, ಜಿನೋವಾದಲ್ಲಿ ತುಳಸಿ ಜಾತಿಯ ಎಲೆ ಅರೆದು ಮಾಡುವ ಪೆಸ್ತೊ, ರೋಮಿನಲ್ಲಿ ಕಾಚೊ ಎ ಪೆಪೆ. ಪಿಯೆಮೊಂತೆಯ ವೈನಿನ ಹೆಸರೂ ಬಂತು. ಕುವೈತಿನಲ್ಲಿ ಕೂತು ವೈನಿನ ಪಟ್ಟಿ ಮಾಡಬಹುದು, ಅಷ್ಟೇ! ಹೀಗೆ ಇಟಲಿಯ ಊಟ ಹುಡುಕುತ್ತಾ ಹೋದ ನಮಗೆ, ನಾಲ್ಕು ಶತಮಾನದ ಹಿಂದೆ ಇಟಲಿಯಿಂದ ಬಂದು ನಮ್ಮ ಊರಿನ ಊಟದ ಪಟ್ಟಿ ಬರೆದಿಟ್ಟ ಒಬ್ಬ ಮಹಾಶಯ ಸಿಕ್ಕಿದ. ಪಿಯೆತ್ರೊ ದೆಲ್ಲಾ ವಾಲ್ಲೆ. ಕೆಳದಿಯ ಇತಿಹಾಸ ಓದಿದವರಿಗೆ ಡೆಲ್ಲಾ ವ್ಯಾಲೆ ಎಂಬ ಹೆಸರಲ್ಲಿ ಪರಿಚಯವಿರಬಹುದು.

ಹುಟ್ಟಿದ್ದು 1586ರಲ್ಲಿ, ರೋಮಿನ ಸಿರಿವಂತ ಮನೆತನದಲ್ಲಿ. ಓದು, ಸಂಗೀತ, ಕವಿತೆ, ಯಾವುದಕ್ಕೂ ಕೊರತೆ ಇರಲಿಲ್ಲ. ಕೊರತೆಯಾಗಿದ್ದು ಪ್ರೀತಿಯಲ್ಲಿ. ವರ್ಷಗಟ್ಟಲೆ ಹಿಂದೆ ಬಿದ್ದ ಹುಡುಗಿ ಬೇರೊಬ್ಬನನ್ನು ಮದುವೆಯಾದಳು. ಸಾಯುವ ಯೋಚನೆಯೂ ಬಂದಿತ್ತಂತೆ. ನೇಪಲ್ಸಿನ ಗೆಳೆಯ, ವೈದ್ಯ ಮಾರಿಯೊ ಸ್ಕಿಪಾನೊ, ಊರು ಬಿಟ್ಟು ಯಾತ್ರೆಗೆ ಹೋಗು ಅಂದ. 1614ರಲ್ಲಿ ವೆನಿಸ್ಸಿನಿಂದ ಹಡಗು ಹತ್ತಿದವನು ತಿರುಗಿ ರೋಮ್ ಮುಟ್ಟಿದ್ದು ಹನ್ನೆರಡು ವರ್ಷದ ಮೇಲೆ. ದಾರಿಯುದ್ದಕ್ಕೂ ಆ ಗೆಳೆಯನಿಗೆ ಉದ್ದುದ್ದ ಪತ್ರ ಬರೆದ. ಇವತ್ತು ಅವನ ಬಗ್ಗೆ ನಮಗೆ ಗೊತ್ತಿರುವುದೆಲ್ಲ ಹೆಚ್ಚುಕಡಿಮೆ ಆ ಪತ್ರಗಳಿಂದಲೇ.

ಮೊದಲು ಇಸ್ತಾಂಬುಲ್. ಅಲ್ಲಿ ಅವನಿಗೆ ಸಿಕ್ಕಿದ್ದು ಕಾಫಿ. ಇಟಲಿಯವರಿಗೆ ಆಗಿನ್ನೂ ಅದರ ಚಟ ಹತ್ತಿರಲಿಲ್ಲ. ಈ ಕಪ್ಪು ಪಾನೀಯವನ್ನು ನೀರಿನ ಬದಲು ವೈನಿನಲ್ಲಿ ಮಾಡಿದ್ದರೆ, ಹೋಮರನ ಕಾವ್ಯದಲ್ಲಿ ಬರುವ ದುಃಖ ಮರೆಸುವ ಮದ್ದು ಇದೇ ಇರಬೇಕು ಅನ್ನಬಹುದಿತ್ತು ಅನ್ನುವ ಅರ್ಥದಲ್ಲಿ ಬರೆದ. ಚಿಕ್ಕಮಗಳೂರಿನ ಫಿಲ್ಟರ್ ಕಾಫಿ ಕುಡಿದು ಬೆಳೆದ ನಾವು ಇದನ್ನು ಪೂರ್ತಿ ಒಪ್ಪುತ್ತೇವೆ, ವೈನ್ ಸೇರಿಸುವ ಅಗತ್ಯವೇನೂ ಇಲ್ಲ.

ಈಜಿಪ್ಟ್, ಜೆರುಸಲೇಂ, ಅಲೆಪ್ಪೊ ದಾಟಿ ಬಾಗ್ದಾದಿಗೆ ಬಂದ. 1616ರಲ್ಲಿ ಅಲ್ಲಿ ಸಿತ್ತಿ ಮಾನಿ ಎಂಬ ಕ್ರೈಸ್ತ ಹುಡುಗಿಯನ್ನು ಮದುವೆಯಾದ. ಇಬ್ಬರೂ ಪರ್ಷಿಯಾಕ್ಕೆ ಹೋಗಿ ಶಾ ಅಬ್ಬಾಸನ ಆಸ್ಥಾನ ನೋಡಿದರು. ಭಾರತದ ಕಡೆ ಹಡಗು ಹತ್ತಬೇಕು ಅಂತ ಹೋರ್ಮುಜ್ ಹತ್ತಿರದ ಕರಾವಳಿಗೆ ಬಂದಾಗ ಅಲ್ಲಿ ಯುದ್ಧ, ಜ್ವರ. ಬಸುರಿಯಾಗಿದ್ದ ಮಾನಿಯ ಗರ್ಭ ನಿಲ್ಲಲಿಲ್ಲ, ಅವಳೂ ಉಳಿಯಲಿಲ್ಲ. 1621ರ ಡಿಸೆಂಬರ್ ಕೊನೆ ಅದು. ಅವಳನ್ನು ಆ ಮರಳಲ್ಲಿ ಬಿಟ್ಟುಬರಲು ಇವನಿಗೆ ಮನಸ್ಸಾಗಲಿಲ್ಲ. ಕರ್ಪೂರ ಹಾಕಿಸಿ, ಪೆಟ್ಟಿಗೆಯಲ್ಲಿಟ್ಟು, ಶವವನ್ನು ಜೊತೆಗೇ ಇಟ್ಟುಕೊಂಡ. ಮುಂದಿನ ಪ್ರಯಾಣವನ್ನೆಲ್ಲ ಓದುವಾಗ ನಾವು ಇದನ್ನು ಮರೆಯುವ ಹಾಗಿಲ್ಲ. ಈ ಮನುಷ್ಯ ಊಟದ ರುಚಿ ಬರೆಯುತ್ತಿದ್ದಾಗ ಅವನ ಸಾಮಾನಿನಲ್ಲಿ ಹೆಂಡತಿಯ ಶವಪೆಟ್ಟಿಗೆ ಇತ್ತು.

1623ರ ಫೆಬ್ರವರಿಯಲ್ಲಿ ಸೂರತ್, ಆಮೇಲೆ ಗೋವಾ. ಅಲ್ಲಿಂದ ಪೋರ್ಚುಗೀಸ್ ರಾಯಭಾರಿಯೊಬ್ಬ ಇಕ್ಕೇರಿಯ ವೆಂಕಟಪ್ಪ ನಾಯಕನನ್ನು ಕಾಣಲು ಹೊರಟಿದ್ದ. ನಮ್ಮ ಪಿಯೆತ್ರೊ ಜೊತೆಗೆ ಹೊರಟುಬಿಟ್ಟ. ಹೊನ್ನಾವರದಲ್ಲಿ ಇಳಿದು, ಶರಾವತಿಯಲ್ಲಿ ದೋಣಿ ಹತ್ತಿ ಗೇರುಸೊಪ್ಪೆಗೆ ಬಂದ. ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆಯುತ್ತಿದ್ದ ಗೇರುಸೊಪ್ಪೆಯ ರಾಣಿಯ ಅರಮನೆ, ಪೇಟೆ ಎಲ್ಲ ಅಷ್ಟರಲ್ಲೇ ಹಾಳುಬಿದ್ದು ಮರಗಿಡ ಬೆಳೆದಿತ್ತು. ಯುರೋಪಿನ ಅಡುಗೆಮನೆಗೆ ಕಾಳುಮೆಣಸು ಕಳಿಸಿದ ಊರಿನ ಗತಿ ಅದು.

ಘಟ್ಟ ಹತ್ತಿದ ಮೇಲೆ ಒಂದು ಗುಡಿಯ ಜಗಲಿಯಲ್ಲಿ ಹುಡುಗರು ನೆಲದ ಮೇಲೆ ಮರಳು ಹರಡಿ, ಬೆರಳಲ್ಲಿ ಅಂಕೆ ಬರೆದು, ರಾಗವಾಗಿ ಹೇಳುತ್ತಾ ಲೆಕ್ಕ ಕಲಿಯುವುದನ್ನು ನೋಡಿ ನಿಂತ. ಮಗ್ಗಿ ಹೇಳಿದವರಿಗೆ ಗೊತ್ತು ಬಿಡಿ. ಮನೆಯ ನೆಲಕ್ಕೆ ಸಗಣಿ ಸಾರಿಸುವುದನ್ನೂ ನೋಡಿದ. ನಕ್ಕು ಮುಂದೆ ಹೋಗಲಿಲ್ಲ. ಇಟಲಿಗೆ ಹೋದ ಮೇಲೆ ತಾನೂ ಮಾಡಿ ನೋಡಬೇಕು, ಪ್ಲೇಗಿಗೆ ಒಳ್ಳೆಯದಂತೆ ಎಂದು ಬರೆದುಕೊಂಡ! ರೋಮಿನ ಮನೆಯಲ್ಲಿ ನಿಜಕ್ಕೂ ಸಾರಿಸಿದನೋ ಏನೋ, ಅವನ ಮನೆಯವರು ಏನಂದರೋ!

ಇಕ್ಕೇರಿಯಿಂದ ಮತ್ತೆ ಕರಾವಳಿಗೆ ಇಳಿದು ಬಸರೂರು, ಮಂಗಳೂರು. ಉಳ್ಳಾಲದ ಚೌಟ ರಾಣಿ ಅಬ್ಬಕ್ಕನ ಹೆಸರು ಕೇಳಿ ಅವಳನ್ನು ನೋಡಲೇಬೇಕೆಂದು ಮಣೇಲಿಗೆ ಹೋದ. ರಾಣಿ ಕಾಲುವೆ ಕೆಲಸ ನೋಡಿಕೊಳ್ಳುತ್ತಾ ಬರಿಗಾಲಲ್ಲಿ ಓಡಾಡುತ್ತಿದ್ದಳು. ರೂಪ, ಉಡುಪು ನೋಡಿ ಅಡುಗೆಯವಳ ಹಾಗಿದ್ದಾಳೆ ಎಂದು ಬರೆದ. ಮಾತಿಗೆ ನಿಂತ ಮೇಲೆ ಅವಳ ಗಾಂಭೀರ್ಯವನ್ನು ಒಪ್ಪಿಕೊಂಡ. ನಮಗೆ ಆ ಮೊದಲ ಮಾತು ಇಷ್ಟವಾಗಲಿಲ್ಲ. ಕೆಲಸದ ಜಾಗದಲ್ಲಿ ನಿಂತ ರಾಣಿ ಇವನಿಗೆ ರಾಣಿಯಾಗಿ ಕಾಣಲಿಲ್ಲ, ಅದು ಅವನ ಕಣ್ಣಿನ ದೋಷ.

ಎಲೆಯ ಮೇಲಿದ್ದದ್ದನ್ನು ಮಾತ್ರ ಅವನ ಕಣ್ಣು ಸರಿಯಾಗಿಯೇ ನೋಡಿತು. ರಾಣಿಯ ಮಗ, ಇನ್ನೂ ಹುಡುಗ, ಅವನನ್ನು ಅರಮನೆಗೆ ಕರೆಸಿ ದೇಶವಿದೇಶದ ಸುದ್ದಿ ಕೇಳಿದ, ಊಟ ಹಾಕಿಸಿದ. ನೀರು, ಉಪ್ಪು ಬಿಟ್ಟರೆ ಬೇರೇನೂ ಹಾಕದೆ ಬೇಯಿಸಿದ ಅನ್ನದ ರಾಶಿ. ಪಕ್ಕದಲ್ಲಿ ಗರಿಯ ದೊನ್ನೆಯಲ್ಲಿ ಕಾಯಿಸಿದ ತುಪ್ಪ. ಸುಲಿದ ಬಾಳೆಹಣ್ಣು. ಕೆಂಪು ಸೊಪ್ಪು, ಅಂದರೆ ನಮ್ಮ ಹರಿವೆ. ಆಮೇಲೆ ಉಪ್ಪಿನಕಾಯಿಗಳು: ಅದರಲ್ಲಿ ಬಿದಿರಿನ ಹೋಳು ಒಂದು, ತನ್ನೂರಿನ ಆಲಿವ್ ಕಾಯಿಯ ಹಾಗೆ ಹುಳಿಯಲ್ಲಿ ನೆನೆಸಿಟ್ಟದ್ದು ಇನ್ನೊಂದು. ಈ ಇನ್ನೊಂದು ಯಾವುದಿರಬಹುದು ಅಂತ ನಮ್ಮಲ್ಲಿ ದೊಡ್ಡ ವಾದವೇ ಆಯಿತು. ಉಡುಪಿಯವರು ಅಂಬಟೆ ಅಂದರು, ಸಾಗರದವರು ಮಾವಿನ ಮಿಡಿ ಅಂದರು. ತೀರ್ಮಾನವಾಗಿಲ್ಲ.

ಬಿದಿರಿನ ವಿಷಯದಲ್ಲಿ ಮಾತ್ರ ಅನುಮಾನವಿಲ್ಲ. ಅದು ಕಣಿಲೆ, ಘಟ್ಟದ ಮೇಲೆ ಕಳಲೆ ಅನ್ನುತ್ತಾರೆ. ಎಳೆ ಬಿದಿರು ಮೊಳೆಯುವುದು ಮಳೆಗಾಲದಲ್ಲಿ; ಇವನು ಉಂಡದ್ದು ಡಿಸೆಂಬರಿನಲ್ಲಿ. ಅಂದರೆ ಆಟಿ ತಿಂಗಳ ಮಳೆಯಲ್ಲಿ ಯಾರೋ ಕೊಯ್ದು, ಹೆಚ್ಚಿ, ನೀರು ಬದಲಿಸಿ ಬದಲಿಸಿ ಕಹಿ ತೆಗೆದು, ಭರಣಿಯಲ್ಲಿ ಹಾಕಿಟ್ಟಿದ್ದರು. ಅವರ ಹೆಸರು ಯಾವ ಪತ್ರದಲ್ಲೂ ಇಲ್ಲ. ನಮ್ಮ ಬ್ಯಾಗಿನಲ್ಲಿ ಮೂರು ಪ್ಲಾಸ್ಟಿಕ್ ಕವರ್ ಸುತ್ತಿ ಉಪ್ಪಿನಕಾಯಿ ಕಳಿಸುವ ಅಮ್ಮಂದಿರ ಹೆಸರು ತಾನೇ ಎಲ್ಲಿದೆ?

ಒಣಮೆಣಸಿನ ಸಾರು ಅವನ ಪಟ್ಟಿಯಲ್ಲಿಲ್ಲ. ಅವನ ಇಟಲಿಯ ಅಡುಗೆಯಲ್ಲಿ ಟೊಮೆಟೊ ಸಾಸೂ ಇನ್ನೂ ನೆಲೆಯಾಗಿರಲಿಲ್ಲ. ನಾವು ಇವತ್ತು ಅಸಲಿ ನಮ್ಮದು, ಅಸಲಿ ಅವರದು ಅನ್ನುವ ಎರಡೂ ಆಮೇಲೆ ಸೇರಿಕೊಂಡವು.

ಹೊರಗಿನವರನ್ನು ಅಡುಗೆಮನೆಗೆ ಬಿಡದ, ಜೊತೆಗೆ ಉಣ್ಣದ ಮಡಿಯನ್ನೂ ಅವನು ಭಾರತದಲ್ಲಿ ಕಂಡ, ಬರೆದ. ಅದನ್ನು ಓದಿ ನಾವು ಹಳೇ ಕಾಲ ಅಂತ ಪುಟ ತಿರುಗಿಸಿಬಿಡುತ್ತಿದ್ದೆವೇನೋ. ಆದರೆ ನಮ್ಮಲ್ಲೊಬ್ಬನಿಗೆ ಇಲ್ಲೇ ಕುವೈತಿನಲ್ಲಿ ಹಂಚಿಕೆ ಫ್ಲ್ಯಾಟಿನಲ್ಲಿ ಒಂದು ಕೋಣೆ ಸಿಕ್ಕಿತ್ತು. ಎರಡನೇ ವಾರ ಬಂಗುಡೆ ಹುರಿದ. ಮರುದಿನ ಅವನ ಬಾಣಲೆ, ತಟ್ಟೆ, ಲೋಟ ಬಾಲ್ಕನಿಯಲ್ಲಿದ್ದವು. ಇಟ್ಟವರು ಕನ್ನಡದವರೇ. ಅವನು ಜಗಳವಾಡಲಿಲ್ಲ, ತಿಂಗಳ ಕೊನೆಗೆ ಬೇರೆ ಕಡೆ ಹೋದ. ಈ ಲೇಖನಕ್ಕೆ ಅತಿ ಹೆಚ್ಚು ಕೆಲಸ ಮಾಡಿದವನು ಅವನೇ.

1624ರ ಕೊನೆಗೆ ಪಿಯೆತ್ರೊ ಗೋವಾ ಬಿಟ್ಟ. ಮಸ್ಕತ್ತಿನಿಂದ ಇದೇ ಕೊಲ್ಲಿಯ ನೀರಿನಲ್ಲಿ ಮೇಲೆ ಸಾಗಿ 1625ರಲ್ಲಿ ಬಸ್ರಾ ಮುಟ್ಟಿದ. ನಮ್ಮಿಂದ ಉತ್ತರಕ್ಕೆ, ಗಡಿ ದಾಟಿದರೆ ಬಸ್ರಾ. ಅಲ್ಲಿಂದ ಒಂಟೆಗಳ ಜೊತೆ ಮರುಭೂಮಿ ದಾಟುವಾಗ ಪ್ರಾಚೀನ ಊರ್ ನಗರದ ದಿಬ್ಬದಲ್ಲಿ ಬರಹವಿದ್ದ ಇಟ್ಟಿಗೆ ಆರಿಸಿಕೊಂಡ. ಸುಂಕದವರ, ನಾವಿಕರ ಕಣ್ಣಿಗೆ ಬೀಳದಂತೆ ಮಾನಿಯ ಪೆಟ್ಟಿಗೆಯನ್ನು ಸರಕಿನ ಮೂಟೆಯ ನಡುವೆ ಬಚ್ಚಿಟ್ಟ.

1626ರಲ್ಲಿ ರೋಮ್ ಸೇರಿದ. ಮಾನಿಯನ್ನು ಅರಾಚೇಲಿ ಚರ್ಚಿನಲ್ಲಿ, ತನ್ನ ಮನೆತನದ ಸಮಾಧಿಯಲ್ಲಿ ಇರಿಸಿದ. ಮರುವರ್ಷ ನಡೆದ ಶ್ರದ್ಧಾಂಜಲಿಯಲ್ಲಿ ಮಾತಾಡಲು ನಿಂತವನು ಅತ್ತುಬಿಟ್ಟ. ಆಮೇಲೆ, ಮಾನಿ ಸಾಕಿದ್ದ, ಇವನ ಜೊತೆ ಭಾರತಕ್ಕೂ ಬಂದಿದ್ದ ಜಾರ್ಜಿಯಾದ ಅನಾಥ ಹುಡುಗಿಯನ್ನೇ ಮದುವೆಯಾದ. ಹದಿನಾಲ್ಕು ಮಕ್ಕಳಾದವು. ಒಮ್ಮೆ ಸಿಟ್ಟಿನಲ್ಲಿ ಗಾಡಿ ಹೊಡೆಯುವವನೊಬ್ಬನನ್ನು ಕೊಂದು ಕೆಲಕಾಲ ರೋಮ್ ಬಿಡಬೇಕಾಗಿಯೂ ಬಂತು, ಸಂತನೇನಲ್ಲ. 1652ರಲ್ಲಿ ತೀರಿಕೊಂಡ. ಭಾರತದ ಪತ್ರಗಳು ಅಚ್ಚಾದದ್ದು ಅವನು ಸತ್ತ ಮೇಲೆ, 1663ರಲ್ಲಿ. ಮಣೇಲಿನ ಎಲೆ ಊಟ ಅಚ್ಚಾದ ಪುಟ ಅವನ ಕೈಗೆ ಬರಲೇ ಇಲ್ಲ.

ಇಟಲಿಗೆ ಹೊರಟ ಮೂವರ ಪಟ್ಟಿ ಈಗ ಬದಲಾಗಿದೆ. ರೋಮಿನಲ್ಲಿ ಮೊದಲು ಅರಾಚೇಲಿಯ ಮೆಟ್ಟಿಲು ಹತ್ತುವುದು, ನೂರಕ್ಕೂ ಹೆಚ್ಚಿವೆಯಂತೆ. ಇಳಿದ ಮೇಲೆ ಹತ್ತಿರದಲ್ಲೇ ಎಲ್ಲಾದರೂ ಕಾಚೊ ಎ ಪೆಪೆ: ಪಾಸ್ತಾ, ಕುರಿಹಾಲಿನ ಚೀಸ್, ಮೇಲೆ ಕುಟ್ಟಿದ ಕಾಳುಮೆಣಸು. ಕಣಿಲೆ ಉಪ್ಪಿನಕಾಯಿಯ ಸಣ್ಣ ಬಾಟಲಿ ಒಂದು ಬ್ಯಾಗಿನಲ್ಲಿರುತ್ತದೆ.