ಆಟ ಕೊಟ್ಟ ಮೇಷ್ಟ್ರು

ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲಿನಲ್ಲಿ ಕಾನ್ಸಾಸ್ ವಿಶ್ವವಿದ್ಯಾಲಯದ ತಂಡಕ್ಕೆ ದೊಡ್ಡ ಹೆಸರು. ಅದರ ಕೋಚುಗಳ ಪೈಕಿ ಗೆಲುವಿಗಿಂತ ಸೋಲು ಹೆಚ್ಚಿರುವುದು ಒಬ್ಬರ ಲೆಕ್ಕದಲ್ಲಿ ಮಾತ್ರ: 55 ಗೆಲುವು, 60 ಸೋಲು. ತಮಾಷೆ ಏನಪ್ಪಾ ಅಂದ್ರೆ, ಆ ಆಟವನ್ನು ಹುಟ್ಟಿಸಿದವರೇ ಅವರು, ಜೇಮ್ಸ್ ನೈಸ್ಮಿತ್.

1861ರಲ್ಲಿ ಕೆನಡಾದ ಆಲ್ಮಾಂಟ್ ಎಂಬ ಊರಿನ ಹತ್ತಿರ ಹುಟ್ಟಿದರು. ಒಂಬತ್ತು ತುಂಬುವ ಹೊತ್ತಿಗೆ ಅಪ್ಪ ಅಮ್ಮ ಇಬ್ಬರೂ ಟೈಫಾಯಿಡ್‌ಗೆ ತುತ್ತಾದರು, ಬೆಳೆಸಿದ್ದು ಸೋದರಮಾವ. ಸ್ಕೂಲು ಬಿಟ್ಟು ಕಾಡಿನಲ್ಲಿ ಮರ ಕಡಿಯುವ ಕೆಲಸ, ಮತ್ತೆ ಓದು, ಮಾಂಟ್ರಿಯಲ್‌ನಲ್ಲಿ ಪದವಿ, ಆಮೇಲೆ ಪಾದ್ರಿಯಾಗುವುದಕ್ಕೆ ಬೇಕಾದ ವ್ಯಾಸಂಗ. ಹುಡುಗರನ್ನು ತಿದ್ದೋಕೆ ಚರ್ಚೇ ಬೇಕಿಲ್ಲ, ಆಟದ ಬಯಲೂ ಆದೀತು ಅನ್ನಿಸಿರಬೇಕು. 1890ರಲ್ಲಿ ಸ್ಪ್ರಿಂಗ್‌ಫೀಲ್ಡಿನ ವೈ.ಎಂ.ಸಿ.ಎ. ತರಬೇತಿ ಶಾಲೆ ಸೇರಿದರು. (ನಮ್ಮ ಮದರಾಸಿನಲ್ಲಿ 1920ರಲ್ಲಿ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಕಾಲೇಜು ಶುರು ಮಾಡಿದ ಹ್ಯಾರಿ ಕ್ರೋ ಬಕ್ ಅಲ್ಲಿ ಓದಿ ಬಂದವರೇ.)

1891ರ ಚಳಿಗಾಲ. ಹೊರಗೆ ಹಿಮ, ಒಳಗೆ ಕವಾಯತು ಮಾಡಿ ಮಾಡಿ ಬೇಸತ್ತ ಹದಿನೆಂಟು ಪುಂಡ ವಿದ್ಯಾರ್ಥಿಗಳು. ಇವರಿಗೊಂದು ಒಳಾಂಗಣ ಆಟ ಹುಡುಕಿ ಅಂತ ಮೇಲಿನವರಾದ ಲೂಥರ್ ಗುಲಿಕ್ ಎರಡು ವಾರ ಗಡುವು ಕೊಟ್ಟರು. ಇದ್ದ ಆಟಗಳನ್ನೇ ಒಳಗೆ ಆಡಿಸಿದ್ರೆ ಗುದ್ದಾಟವೇ ಹೆಚ್ಚು. ನೈಸ್ಮಿತ್ ಯೋಚಿಸಿದ್ದು ಇಷ್ಟೇ: ಚೆಂಡು ಹಿಡಿದು ಓಡುವವನನ್ನು ಕೆಡವಲೇಬೇಕಾಗುತ್ತೆ, ಓಟವನ್ನೇ ತೆಗೆದರೆ? ಚೆಂಡು ಸಿಕ್ಕವನು ನಿಂತಲ್ಲಿಂದಲೇ ಎಸೆಯಬೇಕು. ಜವಾನ ತಂದುಕೊಟ್ಟ ಪೀಚ್ ಹಣ್ಣಿನ ಬುಟ್ಟಿಗಳನ್ನು ಹತ್ತಡಿ ಎತ್ತರಕ್ಕೆ ಮೊಳೆ ಹೊಡೆದು ನಿಲ್ಲಿಸಿದರು. ಕಡೆಗೆ ಒಂಬತ್ತೊಂಬತ್ತು ಜನ, ಹದಿಮೂರು ನಿಯಮ. ಮೊದಲ ಆಟದಲ್ಲಿ ಬಿದ್ದದ್ದು ಒಂದೇ ಗೋಲು.

ಆ ಓಡಬಾರದ ನಿಯಮ ನೋಡಿ. ಎಂಥಾ ಶೂರನಾದರೂ ಜೊತೆಯವನಿಗೆ ಚೆಂಡು ಕೊಡದೆ ಗತಿಯಿಲ್ಲ. ಒಗ್ಗಟ್ಟಿನ ಮೇಲೆ ಉಪನ್ಯಾಸವೇ ಬೇಡ. ಇನ್ನೊಂದು ವಿಷಯ, ಹದಿಮೂರು ನಿಯಮಗಳಲ್ಲಿ ಅಂಪೈರ್ ಇದ್ದಾನೆ, ರೆಫರಿ ಇದ್ದಾನೆ, ಕೋಚ್ ಎಂಬ ಪ್ರಾಣಿಯೇ ಇಲ್ಲ.

1898ರಲ್ಲಿ ಡಾಕ್ಟರಿಕೆ ಪದವಿಯನ್ನೂ ಮುಗಿಸಿ ಕಾನ್ಸಾಸ್‌ಗೆ ಬಂದರು. 1907ರವರೆಗೆ ತಂಡ ಅವರದು. ಎಷ್ಟೋ ಸಲ ತಾವೇ ರೆಫರಿಯಾಗಿ ಸೀಟಿ ಹಿಡೀತಿದ್ದರು. ಅಂಗಳಕ್ಕಿಳಿದ ಮೇಲೆ ಹುಡುಗರೇ ಯೋಚಿಸಬೇಕು, ಹುಡುಗರೇ ಮುಂದಾಳುಗಳಾಗಬೇಕು ಅನ್ನೋದು ಅವರ ಮತ. ಶಿಷ್ಯ ಫಾಗ್ ಆಲೆನ್ ಕೋಚ್ ಆಗ್ತೀನಿ ಅಂದಾಗ, ಇದು ಆಡುವ ಆಟ, ಕಲಿಸಿ ಆಡಿಸುವ ಆಟ ಅಲ್ಲ ಅಂತ ನಕ್ಕರಂತೆ. ಆಲೆನ್ ಕಾನ್ಸಾಸ್ ಒಂದಕ್ಕೇ 590 ಆಟ ಗೆದ್ದು ತೋರಿಸಿದರು! ಈ ವಾದದಲ್ಲಿ ಮೇಷ್ಟ್ರು ಸೋತರು ಅಂತಲೇ ನನ್ನ ಅಭಿಪ್ರಾಯ. ಆದರೂ ಗೆರೆಯಾಚೆ ನಿಂತು ಗಂಟಲು ಹರಿಯೋ ಹಾಗೆ ಕೂಗುವ ಇಂದಿನ ಕೋಚುಗಳನ್ನು ಕಂಡಾಗ ಅವರ ನೆನಪಾಗುತ್ತೆ. 1936ರಲ್ಲಿ ಬರ್ಲಿನ್ ಒಲಿಂಪಿಕ್ಸ್‌ಗೆ ಈ ಆಟ ಸೇರುವುದಕ್ಕೆ ಓಡಾಡಿದವರೂ ಆಲೆನ್ನೇ. ಮೇಷ್ಟ್ರನ್ನು ಅಲ್ಲಿಗೆ ಕಳಿಸಲು ಕೋಚುಗಳೇ ಚಂದಾ ಎತ್ತಿದರು.

ನನಗೆ ಮುಖ್ಯ ಅನ್ನಿಸೋದು ಬೇರೆ. 1933ರಲ್ಲಿ ಜಾನ್ ಮೆಕ್ಲೆಂಡನ್ ಎಂಬ ಕರಿಯ ಹುಡುಗ ಕೋಚ್ ಆಗೋ ಆಸೆಯಿಂದ ಕಾನ್ಸಾಸ್‌ಗೆ ಬಂದ. ಕರಿಯರಿಗೆ ತಂಡದಲ್ಲಿ ಜಾಗವಿಲ್ಲ. ಎಪ್ಪತ್ತು ದಾಟಿದ್ದ ನೈಸ್ಮಿತ್ ಅವನ ಓದಿಗೆ ಮಾರ್ಗದರ್ಶಿಯಾಗಿ ನಿಂತರು. ಕೋಚಿಂಗ್ ಬೇಡ ಅಂದವರು ಇವನಿಗೆ ಮಾತ್ರ ಬೇಡ ಅನ್ನಲಿಲ್ಲ. ಮೆಕ್ಲೆಂಡನ್ನರ ಟೆನೆಸ್ಸೀ ತಂಡ 1957, 58, 59 ಮೂರು ವರ್ಷವೂ ಸತತವಾಗಿ ರಾಷ್ಟ್ರೀಯ ಸಣ್ಣ ಕಾಲೇಜುಗಳ ಪ್ರಶಸ್ತಿ ಗೆದ್ದಿತು. ಅದನ್ನು ನೋಡೋಕೆ ಮೇಷ್ಟ್ರಿರಲಿಲ್ಲ. 1939ರ ನವೆಂಬರಿನಲ್ಲೇ ಲಾರೆನ್ಸ್ ಊರಿನಲ್ಲಿ ತೀರಿಕೊಂಡಿದ್ದರು.