ದಿನಕ್ಕೆ ಐದು ಡಾಲರ್

ಅಸೆಂಬ್ಲಿ ಲೈನ್ ಅಂದ ಕೂಡಲೇ ನಮಗೆ ನೆನಪಾಗೋದು ಹೆನ್ರಿ ಫೋರ್ಡ್. ಪರೀಕ್ಷೆಗೆ ಅಷ್ಟು ಗೊತ್ತಿದ್ದರೆ ಸಾಕು. ಆದರೆ ಒಂದು ಕಂಪನಿಯ ತೀರ್ಮಾನ ಲಾಭವನ್ನು, ಹೆಸರನ್ನು, ಊರ ಜನರ ಬದುಕನ್ನು ಹೇಗೆ ಬದಲಿಸುತ್ತೆ ಅಂತ ತಿಳಿಯೋಕೂ ಆತನ ಬದುಕನ್ನು ಓದಬೇಕು.

ಫೋರ್ಡ್ ಹುಟ್ಟಿದ್ದು 1863ರ ಜುಲೈ 30ರಂದು, ಅಮೆರಿಕದ ಮಿಷಿಗನ್ ರಾಜ್ಯದ ಒಂದು ರೈತ ಕುಟುಂಬದಲ್ಲಿ. ಹೊಲದ ಕೆಲಸ ಹಿಡಿಸಲಿಲ್ಲ. ಹದಿನಾರನೇ ವಯಸ್ಸಿಗೆ ಡೆಟ್ರಾಯಿಟ್‌ಗೆ ಹೋಗಿ ಮೆಷಿನ್ ಶಾಪ್‌ನಲ್ಲಿ ಅಪ್ರೆಂಟಿಸ್ ಆದ. ಎಡಿಸನ್ ಕಂಪನಿಯಲ್ಲಿ ಇಂಜಿನಿಯರ್ ಆಗಿದ್ದಾಗಲೇ, 1896ರಲ್ಲಿ, ತನ್ನ ಮೊದಲ ಗಾಡಿ ಮಾಡಿ ಓಡಿಸಿದ. ಮೊದಲ ಕಾರು ಕಂಪನಿ ಮುಚ್ಚಿಹೋಯ್ತು. ಎರಡನೆಯದನ್ನು ತಾನೇ ಬಿಟ್ಟು ಬಂದ. 1903ರಲ್ಲಿ ಶುರುವಾದ ಫೋರ್ಡ್ ಮೋಟರ್ ಕಂಪನಿ ಮೂರನೆಯದು. 1908ರಲ್ಲಿ ಅದು 850 ಡಾಲರ್ ಬೆಲೆಯ ಮಾಡೆಲ್ ಟಿ ಕಾರನ್ನು ತಂದಿತು.

1913ರಲ್ಲಿ ಹೈಲ್ಯಾಂಡ್ ಪಾರ್ಕ್ ಕಾರ್ಖಾನೆಗೆ ಚಲಿಸುವ ಅಸೆಂಬ್ಲಿ ಲೈನ್ ಬಂತು. ಒಂದು ಚಾಸಿ ಜೋಡಿಸೋಕೆ ಹನ್ನೆರಡೂವರೆ ಗಂಟೆ ಹಿಡೀತಿದ್ದದ್ದು ಸುಮಾರು ಒಂದೂವರೆ ಗಂಟೆಗೆ ಇಳೀತು. ಆದರೆ ದಿನವಿಡೀ ಒಂದೇ ನಟ್ಟು ಬಿಗಿಯೋ ಕೆಲಸ ಯಾರಿಗೆ ತಾನೇ ಬೇಕು? ಜನ ಕೆಲಸ ಬಿಟ್ಟು ಹೋಗ್ತಲೇ ಇದ್ದರು. ಸುಮಾರು 14 ಸಾವಿರ ಕೆಲಸಗಾರರನ್ನು ಉಳಿಸಿಕೊಳ್ಳೋಕೆ ಆ ಒಂದು ವರ್ಷದಲ್ಲಿ 52 ಸಾವಿರಕ್ಕೂ ಹೆಚ್ಚು ಜನರನ್ನು ನೇಮಿಸಬೇಕಾಯ್ತು. ಲೈನ್‌ನಿಂದ ಉಳಿದ ಹಣ ಹೊಸಬರಿಗೆ ಕೆಲಸ ಕಲಿಸೋದರಲ್ಲಿ ಸೋರಿಹೋಗ್ತಿತ್ತು.

1914ರ ಜನವರಿ 5ರಂದು ಕಂಪನಿ ದಿನದ ಕೂಲಿಯನ್ನು ಸುಮಾರು 2.34 ಡಾಲರ್‌ನಿಂದ 5 ಡಾಲರ್‌ಗೆ ಏರಿಸಿತು. ಒಂಬತ್ತು ಗಂಟೆಯ ದುಡಿಮೆ ಎಂಟಕ್ಕೆ ಇಳೀತು. ಬೇರೆ ಕಾರ್ಖಾನೆಗಳ ಮಾಲೀಕರು ಸಿಟ್ಟಾದರು. ಇತ್ತ ಕೊರೆಯೋ ಚಳಿಯಲ್ಲಿ ಸಾವಿರಾರು ಜನ ಕೆಲಸ ಕೇಳಿಕೊಂಡು ಗೇಟಿಗೆ ಬಂದರು. ಕೆಲಸ ಬಿಡೋರು ಕಡಿಮೆಯಾದರು. 1914ರಲ್ಲಿ ಸುಮಾರು 3 ಕೋಟಿ ಡಾಲರ್ ಇದ್ದ ಲಾಭ 1916ಕ್ಕೆ 6 ಕೋಟಿಗೆ ಹೋಯ್ತು. ಕಾರಿನ ಬೆಲೆ 1920ರ ದಶಕದ ನಡುವೆ 300 ಡಾಲರ್‌ಗಿಂತ ಕೆಳಗಿಳೀತು.

ಇದನ್ನು ಬರೀ ದಾನ ಅಂದ್ಕೊಂಡರೆ ತಪ್ಪು. ಐದು ಡಾಲರ್ ಬೇಕು ಅಂದ್ರೆ ಕಂಪನಿಯ ತನಿಖೆಯವರು ಮನೆಗೇ ಬರ್ತಿದ್ದರು. ಕುಡೀತಾನಾ, ದುಡ್ಡು ಉಳಿಸ್ತಾನಾ, ಮನೆ ಶುಚಿಯಾಗಿದೆಯಾ ಅಂತ ನೋಡ್ತಿದ್ದರು. ಕೂಲಿಯ ಜೊತೆ ಕಾವಲೂ ಬಂತು.

ಲಾಭವನ್ನು ಹಂಚದೆ ಕಾರ್ಖಾನೆ ಬೆಳೆಸೋಕೆ ಫೋರ್ಡ್ ಹೊರಟಾಗ, ಷೇರುದಾರರಾಗಿದ್ದ ಡಾಡ್ಜ್ ಸಹೋದರರು ಕೋರ್ಟಿಗೆ ಹೋದರು. 1919ರಲ್ಲಿ ಮಿಷಿಗನ್ ಸುಪ್ರೀಂ ಕೋರ್ಟ್ 1.9 ಕೋಟಿ ಡಾಲರ್‌ಗೂ ಹೆಚ್ಚು ಡಿವಿಡೆಂಡ್ ಕೊಡಬೇಕು ಅಂತ ತೀರ್ಪು ಕೊಟ್ಟಿತು. ಅದೇ ವರ್ಷ ಫೋರ್ಡ್ ಎಲ್ಲರ ಷೇರುಗಳನ್ನೂ ಕೊಂಡು ಕಂಪನಿಯನ್ನು ತನ್ನ ಕುಟುಂಬದ ಕೈಗೆ ತಗೊಂಡ. ಇನ್ನು ಬೇಡ ಅನ್ನೋರೇ ಇರಲಿಲ್ಲ.

ಮುಂದಿನ ತೀರ್ಮಾನಗಳಲ್ಲಿ ಇದು ಕಾಣುತ್ತೆ. ಆತ ಕೊಂಡ ಪತ್ರಿಕೆ 1920ರಿಂದ ಯಹೂದಿಗಳ ವಿರುದ್ಧ ವಿಷ ಕಾರಿತು. ಕಾರು ಡೀಲರ್‌ಗಳೂ ಅದನ್ನು ಹಂಚಬೇಕಿತ್ತು. ಹಲವು ಯಹೂದಿಗಳು ಫೋರ್ಡ್ ಕಾರು ಕೊಳ್ಳೋದನ್ನೇ ಬಿಟ್ಟರು. ಮಾನನಷ್ಟದ ಕೇಸ್ ಬಿದ್ದ ಮೇಲೆ, 1927ರಲ್ಲಿ, ಕ್ಷಮೆ ಕೇಳಿ ಪತ್ರಿಕೆ ಮುಚ್ಚಿದ. ಜನ ಹೊಸ ಮಾದರಿ ಕೇಳ್ತಿದ್ದರೂ ಮಾಡೆಲ್ ಟಿ ಬಿಡದೆ ಹಟ ಹಿಡಿದಿದ್ದ. ಅಷ್ಟರಲ್ಲಿ ಜನರಲ್ ಮೋಟರ್ಸ್ ಮುಂದೆ ಹೋಯ್ತು.

1932ರ ಮಾರ್ಚ್‌ನಲ್ಲಿ ಕೆಲಸ ಕಳೆದುಕೊಂಡವರು ಕಾರ್ಖಾನೆಯತ್ತ ಮೆರವಣಿಗೆ ಹೊರಟಾಗ ಪೊಲೀಸರು ಮತ್ತು ಕಂಪನಿಯ ಕಾವಲಿನವರು ಗುಂಡು ಹಾರಿಸಿದರು. ನಾಲ್ವರು ಅಲ್ಲೇ ಸತ್ತರು. 1937ರಲ್ಲಿ ಕಂಪನಿಯ ಆಳುಗಳು ಯೂನಿಯನ್ ಮುಖಂಡರನ್ನು ಹೊಡೆದ ಫೋಟೋಗಳು ದೇಶದ ಪತ್ರಿಕೆಗಳಲ್ಲಿ ಬಂದವು. ಒಂದು ಕಾಲಕ್ಕೆ ಕಾರ್ಮಿಕರ ಗೆಳೆಯ ಅನ್ನಿಸಿಕೊಂಡಿದ್ದವನ ಹೆಸರು ಹೀಗೆ ಕೆಟ್ಟಿತು. ಕೊನೆಗೆ 1941ರಲ್ಲಿ ಕಂಪನಿ ಯೂನಿಯನ್ ಜೊತೆ ಒಪ್ಪಂದಕ್ಕೆ ಸಹಿ ಹಾಕಿತು. 1947ರ ಏಪ್ರಿಲ್ 7ರಂದು ಫೋರ್ಡ್ ತೀರಿಕೊಂಡ.

1914ರಲ್ಲಿ ಕೆಲಸಗಾರರು ಯಾಕೆ ಹೋಗ್ತಿದ್ದಾರೆ ಅಂತ ಕಂಪನಿ ಗಮನಿಸಿತ್ತು, ಎಲ್ಲರಿಗೂ ಲಾಭವಾಯ್ತು. ಆಮೇಲೆ ಯಾರ ಮಾತೂ ಕಿವಿಗೆ ಬೀಳಲಿಲ್ಲ. ಹಣವೂ ಹೋಯ್ತು, ಹೆಸರೂ ಹೋಯ್ತು, ಜನರ ಜೀವವೂ ಹೋಯ್ತು. ಇನ್ನೆರಡು ವರ್ಷಕ್ಕೆ ಪ್ಲೇಸ್‌ಮೆಂಟ್‌ಗೆ ಕೂರೋ ನಾವು ಪ್ಯಾಕೇಜ್ ಎಷ್ಟು ಅಂತ ಕೇಳೋದು ಸರಿಯೇ. ಆ ಕಂಪನಿ ಯಾರ ಮಾತು ಕೇಳುತ್ತೆ ಅಂತಲೂ ಕೇಳೋಣ.